ಅಪ್‌ಡೇಟ್: ಫೈಬರ್ ಪ್ಯಾನೆಲ್ ಕೊನೆಗೂ ಅಚ್ಚಿನಿಂದ ಬಿಟ್ಟಿತು

ಹೋದ ವಾರ ಕೇಳಿದ್ದೆ ಅಲ್ವಾ, ಬೆಳಗಾವಿ ಉದ್ಯಮಬಾಗದ ನಮ್ಮ ಶೆಡ್‌ನಲ್ಲಿ ಪ್ಯಾನೆಲ್ ಹೊಸ ಅಚ್ಚಿಗೇ ಅಂಟಿಕೊಂಡು, ಬಿಡಿಸುವಾಗ ಅಚ್ಚಿನ ಮೂಲೆಯ ಜೆಲ್‌ಕೋಟ್ (ಮೇಲ್ಮೈಯ ನುಣುಪಾದ ರಾಳದ ಪದರ) ಕಿತ್ತು ಬಂತು ಅಂತ. ಈಗ ಸರಿಹೋಗಿದೆ.

"ದಪ್ಪಗೆ ಬಳಿಯಬೇಡ ತಮ್ಮಾ, ತೆಳ್ಳಗೆ ಜಾಸ್ತಿ ಸಲ ಹಚ್ಚು" ಅಂತ ವ್ಯಾಕ್ಸ್ ಬಗ್ಗೆ ಉತ್ತರ ಕೊಟ್ಟ ಅಣ್ಣನ ಮಾತೇ ಕೆಲಸ ಮಾಡಿತು. ಮೂಲೆ ರಿಪೇರಿ ಮಾಡಿ, ಅಚ್ಚು ಪೂರ್ತಿ ಒರೆಸಿ, ಕಾರ್ನೌಬಾ ವ್ಯಾಕ್ಸ್ (ಪ್ಯಾನೆಲ್ ಅಂಟದಂತೆ ಅಚ್ಚಿಗೆ ಹಚ್ಚುವ ಗಟ್ಟಿ ಮೇಣ) 6 ಸಲ ಹಚ್ಚಿದೆ. ಪ್ರತಿ ಸಲ ಮಬ್ಬಾದ ಮೇಲೆ ಹತ್ತಿ ಬಟ್ಟೆಯಿಂದ ಹೊಳಪು ಬರುವವರೆಗೆ ಉಜ್ಜಿ, ಒಂದು ಗಂಟೆ ಬಿಟ್ಟು ಮುಂದಿನದು. ಮೊದಲು ನಾನು ಎರಡೇ ಸಲ, ಗಡಿಬಿಡಿಯಲ್ಲಿ, ಒಂದರ ಮೇಲೊಂದು ಮೆತ್ತಿದ್ದೆ, ಕೆಳಗಿನ ಪದರ ಒಣಗುವ ಮುಂಚೆ ಮೇಲಿನದು ಅದನ್ನೇ ಕರಗಿಸಿಬಿಡುತ್ತದೆ. ಕೊನೆಗೆ ಪಿವಿಎ ಸ್ಪ್ರೇ (ಒಣಗಿದ ಮೇಲೆ ತೆಳು ಪೊರೆಯಾಗಿ ಪ್ಯಾನೆಲ್ ಅಂಟದಂತೆ ತಡೆಯುವ ದ್ರವ). ಮಳೆಗಾಲದ ತಂಪಿಗೆ ಅದು ಒಣಗಲು ಬಹಳ ಹೊತ್ತು ಹಿಡಿಯಿತು, ಬೆರಳಿಗೆ ಅಂಟದಂತಾಗುವವರೆಗೆ ಕಾದೆ.

ವ್ಯಾಕ್ಸ್ ಬದಲು ಕಾರ್ ಪಾಲಿಶ್ ಹಚ್ಚು ಅನ್ನುವ ಸಲಹೆ ಮಾತ್ರ ಬೇಡ. ಸಣ್ಣ ತುಂಡಿನ ಮೇಲೆ ನೋಡಿದೆ, ಅದರಲ್ಲಿ ಸಿಲಿಕೋನ್ ಇತ್ತು, ಜೆಲ್‌ಕೋಟ್ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಬಿಟ್ಟುಕೊಂಡಿತು.

ನನಗೆ ಮೊದಲು ಗೊತ್ತಿರದ ಒಂದು ವಿಷಯ: ಪಿವಿಎ ಹೊಡೆಯುವ ಮುಂಚೆ ಮಾಸ್ಕಿಂಗ್ ಟೇಪ್ ಅಂಟಿಸಿ ಎಳೆದು ನೋಡಬೇಕು. ಗಟ್ಟಿಯಾಗಿ ಹಿಡಿದ ಕಡೆ ವ್ಯಾಕ್ಸ್ ಸಾಲದು ಅಂತ ಅರ್ಥ. ನನ್ನ ಅಚ್ಚಿನ ಮೂಲೆಗಳಲ್ಲೇ ಹಿಡಿಯಿತು!