ಚರ್ಚಿನ ಮಹಿಳಾ ಸಂಘವೊಂದು ಕಾನೂನಿನ ಗ್ರಂಥವನ್ನು ಅಚ್ಚು ಹಾಕಿಸಿದ್ದೇಕೆ?

ಪ್ರಶ್ನೆ: ಬೀದರ್‌ನ ಅನುವಾದಕಿ

ನಮ್ಮ ಮೆಥಡಿಸ್ಟ್ ಸಭೆಯ ಮಹಿಳೆಯರ ವಾರ್ಷಿಕ ಕೂಟಕ್ಕಾಗಿ, ಅಮೆರಿಕದ ಮೆಥಡಿಸ್ಟ್ ಮಹಿಳೆಯರು ಸಾಮಾಜಿಕ ನ್ಯಾಯಕ್ಕಾಗಿ ಮಾಡಿದ ಕೆಲಸವನ್ನು ಪರಿಚಯಿಸುವ ಕಿರುಪುಸ್ತಿಕೆಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆ, ಆಸ್ಪತ್ರೆ, ಹಾಸ್ಟೆಲುಗಳ ಕಥೆ ನಮ್ಮವರಿಗೆ ಗೊತ್ತಿರುವುದೇ ಆದ್ದರಿಂದ ಆ ಭಾಗ ಕಷ್ಟವಾಗಲಿಲ್ಲ. ಆದರೆ 1951ರಲ್ಲಿ ಅವರ ಮಹಿಳಾ ವಿಭಾಗವು ಅಮೆರಿಕದ ರಾಜ್ಯಗಳಲ್ಲಿದ್ದ ಜನಾಂಗ ಸಂಬಂಧಿ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ 746 ಪುಟಗಳ ಗ್ರಂಥವನ್ನು ಹೊರತಂದಿತು ಎಂದು ಓದಿದಾಗ ಅಲ್ಲೇ ನಿಂತುಬಿಟ್ಟೆ. ಪ್ರಾರ್ಥನೆಗೂ ಕಾಣಿಕೆ ಸಂಗ್ರಹಕ್ಕೂ ಹೆಸರಾದ ಸಂಘಕ್ಕೆ ಕಾನೂನು ಗ್ರಂಥದ ಉಸಾಬರಿ ಏಕೆ ಬಂತು? ಇದು ನಿಜಕ್ಕೂ ನ್ಯಾಯಕ್ಕಾಗಿ ನಡೆದ ಕೆಲಸವೋ, ಬಿಳಿಯ ಹೆಂಗಸರು ಹಿಂದಿನಿಂದ ಮಾಡಿಕೊಂಡು ಬಂದ ದಾನಧರ್ಮದ ಇನ್ನೊಂದು ರೂಪವೋ?

ಜೊತೆಗೆ ಪದದ ತೊಡಕೊಂದಿದೆ. ‘ರೇಸ್’ ಎಂಬುದಕ್ಕೆ ‘ವರ್ಣ’ ಎಂದು ಬರೆದರೆ ಓದುವವರ ಮನಸ್ಸು ನೇರವಾಗಿ ಚಾತುರ್ವರ್ಣ್ಯಕ್ಕೆ ಹೋಗುತ್ತದೆ. ‘ಜನಾಂಗ’ ಎಂದರೆ ನಮ್ಮ ಕಡೆ ಜಾತಿ ಎಂದೇ ಅರ್ಥ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಧಾರವಾಡದ ಕಾನೂನು ಉಪನ್ಯಾಸಕ

ಆ ಗ್ರಂಥ ಹುಟ್ಟಿದ್ದು ದೊಡ್ಡ ಸಿದ್ಧಾಂತದಿಂದಲ್ಲ, ದಿನನಿತ್ಯದ ಅಡಚಣೆಯಿಂದ. ಮೆಥಡಿಸ್ಟ್ ಮಹಿಳಾ ವಿಭಾಗವು ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ವಸತಿಗೃಹ, ಸಮುದಾಯ ಕೇಂದ್ರಗಳನ್ನು ನಡೆಸುತ್ತಿತ್ತು. ಬಿಳಿಯ ಮತ್ತು ಕಪ್ಪು ಸದಸ್ಯೆಯರು ಕೂಡಿ ಸಭೆ ಸೇರಬೇಕಾದಾಗ ಎಲ್ಲಿ ಒಟ್ಟಿಗೆ ಉಣ್ಣಬಹುದು, ಎಲ್ಲಿ ಒಂದೇ ಸೂರಿನಡಿ ತಂಗಬಹುದು ಎಂಬ ಪ್ರಶ್ನೆ ಪ್ರತಿಸಲವೂ ಏಳುತ್ತಿತ್ತು. ‘ಇಲ್ಲಿ ಹಾಗೆಲ್ಲ ಆಗುವುದಿಲ್ಲ’ ಎಂಬ ಉತ್ತರವಂತೂ ಸಿದ್ಧವಾಗಿಯೇ ಇರುತ್ತಿತ್ತು. ಮಿಸಿಸಿಪ್ಪಿಯಲ್ಲಿ ಹುಟ್ಟಿ, ಜಾರ್ಜಿಯಾದ ಆಗಸ್ಟಾದಲ್ಲಿ ಕಪ್ಪು ಸಮುದಾಯದ ನಡುವೆ ಬೆತ್ಲೆಹೆಮ್ ಕೇಂದ್ರವನ್ನು ನಡೆಸಿ, 1940ರಿಂದ ವಿಭಾಗದ ಸಾಮಾಜಿಕ ಸಂಬಂಧಗಳ ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಥೆಲ್ಮಾ ಸ್ಟೀವನ್ಸ್ ಎಂಬ ಬಿಳಿಯ ಮಹಿಳೆ ಆ ಉತ್ತರವನ್ನು ಒಪ್ಪಿಕೊಂಡು ಸುಮ್ಮನಾಗಲಿಲ್ಲ. ‘ಆಗುವುದಿಲ್ಲ’ ಎಂದರೆ ಕಾನೂನು ತಡೆಯುತ್ತದೆಯೋ, ಬರೀ ರೂಢಿ ತಡೆಯುತ್ತದೆಯೋ ಎಂಬುದು ಅವರಿಗೆ ತಿಳಿಯಬೇಕಾಗಿತ್ತು. ರೂಢಿಯಾದರೆ ಸಂಘವೇ ನಾಳೆಯಿಂದ ಅದನ್ನು ಮುರಿಯಬಹುದು. ಕಾನೂನಾದರೆ ಅದನ್ನು ಬದಲಿಸಲು ಹೋರಾಡಬೇಕು.

ಈ ಲೆಕ್ಕ ಹಾಕಿಕೊಡುವ ಕೆಲಸ ಪಾಲಿ ಮರ್ರೆ ಎಂಬ ಕಪ್ಪು ವಕೀಲೆಯ ಪಾಲಿಗೆ ಬಂತು. 1938ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಅವರನ್ನು ಕಪ್ಪು ಎಂಬ ಕಾರಣಕ್ಕೆ ಸೇರಿಸಿಕೊಂಡಿರಲಿಲ್ಲ. 1944ರಲ್ಲಿ ಹಾರ್ವರ್ಡ್ ಹೆಣ್ಣು ಎಂಬ ಕಾರಣಕ್ಕೆ ಬಾಗಿಲು ಹಾಕಿತ್ತು. ಅಂದಹಾಗೆ ಮರ್ರೆ ಮೆಥಡಿಸ್ಟ್ ಅಲ್ಲ, ಎಪಿಸ್ಕೋಪಲ್ ಸಭೆಯವರು, 1977ರಲ್ಲಿ ಆ ಸಭೆಯ ಪಾದ್ರಿಯಾಗಿ ಅಭಿಷೇಕ ಪಡೆದವರು. ಸಣ್ಣದೊಂದು ಪುಸ್ತಿಕೆಯಾಗಬೇಕಿದ್ದ ಕೆಲಸ ಅವರ ಕೈಯಲ್ಲಿ ಬೃಹತ್ ಗ್ರಂಥವಾಯಿತು. ಅದು ಅಷ್ಟು ಬೆಳೆದದ್ದು ಏಕೆಂದು ಅಂದಿನ ಕಾನೂನುಗಳನ್ನು ನೋಡಿದರೆ ತಿಳಿಯುತ್ತದೆ. ಓಕ್ಲಹೋಮಾದಲ್ಲಿ ಟೆಲಿಫೋನ್ ಬೂತುಗಳೂ ಬೇರೆಬೇರೆ. ಫ್ಲಾರಿಡಾ ಮತ್ತು ನಾರ್ತ್ ಕ್ಯಾರೊಲಿನಾಗಳಲ್ಲಿ ಕಪ್ಪು ಮಕ್ಕಳು ಓದಿದ ಪಠ್ಯಪುಸ್ತಕವನ್ನು ಬಿಳಿಯ ಮಕ್ಕಳ ಕೈಗೆ ಕೊಡುವಂತಿರಲಿಲ್ಲ. ಪುಸ್ತಕಕ್ಕೂ ಮೈಲಿಗೆ! ಇದನ್ನು ಓದುವಾಗ ನಮ್ಮ ಊರಿನ ಹೋಟೆಲುಗಳಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟಗಳು ನೆನಪಾಗದೆ ಇರಲಿಲ್ಲ.

ಶಾಲೆಗಳಲ್ಲಿನ ಬೇರ್ಪಡಿಕೆಯ ವಿರುದ್ಧ ಮೊಕದ್ದಮೆ ನಡೆಸುತ್ತಿದ್ದ ವಕೀಲರಿಗೆ ಈ ಗ್ರಂಥ ಕೈಪಿಡಿಯಾಯಿತು. 1954ರಲ್ಲಿ, ಸರ್ಕಾರಿ ಶಾಲೆಗಳಲ್ಲಿನ ಬೇರ್ಪಡಿಕೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಸಾರಿದ ಬ್ರೌನ್ ಮೊಕದ್ದಮೆಯನ್ನು ಗೆದ್ದ ಕಪ್ಪು ವಕೀಲ ತರ್ಗುಡ್ ಮಾರ್ಷಲ್ ಅದನ್ನು ಈ ಕ್ಷೇತ್ರದ ಬೈಬಲ್ ಎಂದೇ ಕರೆದರು. ನಿಮ್ಮ ಓದುಗರಿಗಾಗಿ ‘ಸತ್ಯವೇದ’ ಎಂದು ಅನುವಾದಿಸಿದರೂ ಅಡ್ಡಿಯಿಲ್ಲ.

ಉತ್ತರ: ಕಲಬುರಗಿಯ ಇತಿಹಾಸ ವಿದ್ಯಾರ್ಥಿನಿ

ಮೇಲಿನ ವಿವರಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪುಸ್ತಿಕೆ ಬರೀ ಹೊಗಳಿಕೆಯಾಗಬಾರದು. ಉತ್ತರದ ಹಾಗೂ ದಕ್ಷಿಣದ ಮೆಥಡಿಸ್ಟ್ ಸಭೆಗಳು 1939ರಲ್ಲಿ ಒಂದಾದಾಗ, ಆ ಒಗ್ಗಟ್ಟಿನ ಬೆಲೆಯಾಗಿ ಕಪ್ಪು ಸಭೆಗಳನ್ನೆಲ್ಲ, ಅವು ಯಾವ ಊರಿನಲ್ಲೇ ಇರಲಿ, ‘ಸೆಂಟ್ರಲ್ ಜ್ಯೂರಿಸ್ಡಿಕ್ಷನ್’ ಎಂಬ ಪ್ರತ್ಯೇಕ ವಲಯಕ್ಕೆ ತಳ್ಳಲಾಯಿತು. ಮಿಕ್ಕ ಐದು ವಲಯಗಳು ಭೂಪಟದ ಮೇಲಿನ ಪ್ರದೇಶಗಳು. ಆರನೆಯದು ಮಾತ್ರ ಚರ್ಮದ ಬಣ್ಣ. 1936ರ ಮಹಾಸಭೆಯಲ್ಲಿ 47 ಕಪ್ಪು ಪ್ರತಿನಿಧಿಗಳ ಪೈಕಿ 36 ಮಂದಿ ಈ ಯೋಜನೆಯ ವಿರುದ್ಧ ಮತ ಹಾಕಿದ್ದರು. ಆ ವಲಯ ಕೊನೆಯಾದದ್ದು 1968ರಲ್ಲಿ. ಅಂದರೆ ಮಹಿಳಾ ವಿಭಾಗವು ರಾಜ್ಯಗಳ ಕಾನೂನನ್ನು ಪಟ್ಟಿ ಮಾಡುತ್ತಿದ್ದಾಗ ಅದರ ಸ್ವಂತ ಸಭೆಯ ಸಂವಿಧಾನವೇ ಬೇರ್ಪಡಿಕೆಯ ಮೇಲೆ ನಿಂತಿತ್ತು.

ಇನ್ನು ಜೆಸ್ಸಿ ಡೇನಿಯಲ್ ಏಮ್ಸ್. ಟೆಕ್ಸಾಸ್‌ನ ಈ ಮೆಥಡಿಸ್ಟ್ ಮಹಿಳೆ 1930ರಲ್ಲಿ ಅಟ್ಲಾಂಟಾದಲ್ಲಿ, ಗುಂಪುಹತ್ಯೆಯನ್ನು ತಡೆಯುವ ದಕ್ಷಿಣದ ಮಹಿಳೆಯರ ಸಂಘವನ್ನು ಕಟ್ಟಿದರು. ಕಪ್ಪು ಗಂಡಸರನ್ನು ನೇಣಿಗೇರಿಸುವುದು ಬಿಳಿಯ ಹೆಣ್ಣಿನ ಮಾನ ಕಾಯುವುದಕ್ಕೆ ಎಂಬ ನೆಪವನ್ನು, ‘ನಮ್ಮ ಹೆಸರಿನಲ್ಲಿ ಇದು ಬೇಡ’ ಎಂದು ಆ ಹೆಂಗಸರೇ ತಿರಸ್ಕರಿಸಿದ್ದು ಸಣ್ಣ ಮಾತಲ್ಲ. ಊರೂರಿನ ಷೆರೀಫರ, ಅಂದರೆ ಸ್ಥಳೀಯ ಪೊಲೀಸ್ ಮುಖ್ಯಸ್ಥರ, ಹತ್ತಿರ ಹೋಗಿ, ಕೈದಿಯನ್ನು ಗುಂಪಿನ ಕೈಗೆ ಒಪ್ಪಿಸುವುದಿಲ್ಲವೆಂದು ಸಹಿ ಹಾಕಿಸಿಕೊಂಡು ಬಂದರು. ಆದರೂ ಆ ಸಂಘದಲ್ಲಿ ಕಪ್ಪು ಮಹಿಳೆಯರಿಗೆ ಸದಸ್ಯತ್ವವಿರಲಿಲ್ಲ. ಗುಂಪುಹತ್ಯೆಯ ವಿರುದ್ಧ ಕೇಂದ್ರ ಸರ್ಕಾರದ ಕಾನೂನು ಬೇಕೆಂಬ ಬೇಡಿಕೆಯನ್ನು ಏಮ್ಸ್ ವಿರೋಧಿಸಿದರು. ಅದೇ ನೆಪದ ಸುಳ್ಳನ್ನು ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಲ್ಲೇ ಮೆಂಫಿಸ್‌ನಿಂದ ಬಯಲಿಗೆಳೆದಿದ್ದರು. ವೆಲ್ಸ್ ಓದಿದ್ದು ಮೆಥಡಿಸ್ಟರು ತೆರೆದಿದ್ದ ರಸ್ಟ್ ಕಾಲೇಜಿನಲ್ಲಿ ಎಂಬುದನ್ನೂ ದಯವಿಟ್ಟು ಸೇರಿಸಿ. ಇಲ್ಲವಾದರೆ ಕಥೆ 1930ರಲ್ಲಿ ಬಿಳಿಯ ಮಹಿಳೆಯರಿಂದ ಆರಂಭವಾದಂತೆ ಕಾಣುತ್ತದೆ.

ಉತ್ತರ: ಧಾರವಾಡದ ಕಾನೂನು ಉಪನ್ಯಾಸಕ

ಏಮ್ಸ್ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಅದೇ ಬಳಗದಿಂದ ಬಂದ ಡೊರೊತಿ ಟಿಲ್ಲಿಯವರನ್ನು ಬಿಟ್ಟು ತೀರ್ಪು ಕೊಡಬೇಡಿ. 1946ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ನಾಗರಿಕ ಹಕ್ಕುಗಳ ಸಮಿತಿಯಲ್ಲಿದ್ದ ಇಬ್ಬರೇ ಮಹಿಳೆಯರಲ್ಲಿ ಅವರೊಬ್ಬರು. 1949ರಲ್ಲಿ ಅವರು ಕಟ್ಟಿದ ಬಳಗದ ಹೆಂಗಸರು ಮಾಡುತ್ತಿದ್ದ ಕೆಲಸ ಹೊರನೋಟಕ್ಕೆ ಏನೂ ಅಲ್ಲ: ಕಪ್ಪು ಆರೋಪಿಯ ವಿಚಾರಣೆ ಇರುವ ದಿನ ನ್ಯಾಯಾಲಯಕ್ಕೆ ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಸುಮ್ಮನೆ ಕುಳಿತಿರುವುದು. ಊರಿನ ಮರ್ಯಾದಸ್ಥ ಮನೆತನದ ಹೆಂಗಸರು ಎದುರಿಗೆ ಕುಳಿತು ನೋಡುತ್ತಿದ್ದರೆ ನ್ಯಾಯಾಧೀಶರೂ ಪೊಲೀಸರೂ ಬಾಯಿಗೆ ಬಂದಂತೆ ಮಾತನಾಡುವುದು ಕಡಿಮೆಯಾಗುತ್ತದೆ. ನ್ಯಾಯಾಲಯದಲ್ಲಿ ಕೆಲವು ವರ್ಷ ಓಡಾಡಿದವನಾಗಿ ಇದರ ಬೆಲೆ ನನಗೆ ಗೊತ್ತು. ಟಿಲ್ಲಿಯವರ ಮನೆಗೆ ಬೆದರಿಕೆಯ ಫೋನು ಬಂದಾಗ ಅವರು ರಿಸೀವರನ್ನು ಗ್ರಾಮಫೋನಿನ ಬಳಿ ಹಿಡಿದು ಕರ್ತನ ಪ್ರಾರ್ಥನೆಯ ತಟ್ಟೆಯನ್ನು ಹಾಕುತ್ತಿದ್ದರಂತೆ. ಬೈಯಲೆಂದು ಫೋನು ಮಾಡಿದವನು ಆ ಕಡೆಯಿಂದ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬುದನ್ನು ಕೇಳಬೇಕಾಗುತ್ತಿತ್ತು.

ಉತ್ತರ: ಕೋಲಾರದ ನಿವೃತ್ತ ದಾದಿ

ಇಬ್ಬರೂ ದುಡ್ಡಿನ ವಿಷಯವನ್ನೇ ಎತ್ತಲಿಲ್ಲ. ನನ್ನ ಪ್ರಕಾರ ಇಡೀ ಕಥೆಯ ಕೀಲಿ ಅಲ್ಲಿದೆ. 1869ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ, ಮಳೆ ಸುರಿಯುತ್ತಿದ್ದ ದಿನ, ಕೆಲವೇ ಹೆಂಗಸರು ಸೇರಿ ವಿದೇಶಿ ಮಿಷನ್ ಸಂಘವನ್ನು ಆರಂಭಿಸಿದಾಗ ಅವರು ಸದಸ್ಯೆಯರಿಂದ ಕೇಳಿದ್ದು ವಾರಕ್ಕೆ ಎರಡು ಸೆಂಟು ಮತ್ತು ಒಂದು ಪ್ರಾರ್ಥನೆ. ಆ ಪುಡಿಗಾಸಿನಿಂದಲೇ ಇಸಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೈನ್ ಹಡಗು ಹತ್ತಿ 1870ರ ಜನವರಿಯಲ್ಲಿ ಭಾರತಕ್ಕೆ ಬಂದಿಳಿದರು. ಒಬ್ಬರು ಲಖನೌದಲ್ಲಿ ಶಾಲೆ ತೆರೆದರು, ಇನ್ನೊಬ್ಬರು ಬರೇಲಿಯಲ್ಲಿ ಹೆಂಗಸರಿಗೆ ವೈದ್ಯ ಮಾಡಿದರು. ನಮ್ಮ ಊರಿನ ಇ.ಟಿ.ಸಿ.ಎಂ. ಆಸ್ಪತ್ರೆಯೂ ಇದೇ ಪರಂಪರೆಯದು. ಹೆಂಗಸರು ಕೂಡಿಸಿದ ಹಣವನ್ನು ಹೆಂಗಸರೇ ತೀರ್ಮಾನಿಸಿ ಖರ್ಚು ಮಾಡುತ್ತಿದ್ದರು. ಅದೇ ಗಂಡಸರ ಕಣ್ಣಿಗೆ ಚುಚ್ಚುತ್ತಿತ್ತು. ದಕ್ಷಿಣದ ಸಭೆಯಲ್ಲಿ 1910ರಲ್ಲಿ ಹೆಂಗಸರ ಒಪ್ಪಿಗೆಯನ್ನೂ ಕೇಳದೆ ಅವರ ಮಂಡಳಿಗಳನ್ನು ಗಂಡಸರ ಮಂಡಳಿಯ ಕೆಳಗೆ ತಂದರು. ಆ ಹೆಂಗಸರ ಮುಖಂಡೆ ಬೆಲ್ ಹ್ಯಾರಿಸ್ ಬೆನೆಟ್ ಮತ್ತು ಜೊತೆಯವರು ಸಭೆಯಲ್ಲಿ ಮಹಿಳೆಯರಿಗೆ ಪೂರ್ಣ ಸದಸ್ಯ ಹಕ್ಕು ಬೇಕೆಂದು ಹೋರಾಡಿ 1918ರಲ್ಲಿ ಗೆದ್ದರು. ಅಧಿಕಾರ ಕೈತಪ್ಪುವುದೆಂದರೇನು ಎಂದು ಅನುಭವಿಸಿದವರಿಗೆ ಇನ್ನೊಬ್ಬರ ಪಾಡು ಸ್ವಲ್ಪ ಬೇಗ ಅರ್ಥವಾಗಿರಬೇಕು.

746 ಪುಟಗಳನ್ನು ಅಚ್ಚು ಹಾಕಿಸಲು ಥೆಲ್ಮಾ ಸ್ಟೀವನ್ಸ್ ಅವರು ಬಿಷಪ್ಪರ ಮುಂದೆ ಕೈಯೊಡ್ಡಿ ನಿಲ್ಲಬೇಕಾಗಿದ್ದರೆ ಆ ಪುಸ್ತಕ ಹೊರಬರುತ್ತಿತ್ತೇ ಎಂದು ನಿಮ್ಮ ಕೂಟದಲ್ಲಿ ಕೇಳಿ ನೋಡಿ. ನಮ್ಮ ಸಭೆಗಳ ಮಹಿಳಾ ಸಂಘಗಳ ಕಾಣಿಕೆ ಡಬ್ಬಿ ಯಾರ ಬೀರುವಿನಲ್ಲಿದೆ ಎಂಬುದನ್ನೂ ಕೇಳಬಹುದು, ಧೈರ್ಯವಿದ್ದರೆ.

ಪ್ರಶ್ನೆ ಕೇಳಿದ ಅನುವಾದಕಿಯ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಸೆಂಟ್ರಲ್ ಜ್ಯೂರಿಸ್ಡಿಕ್ಷನ್ ಕುರಿತ ಪುಟವನ್ನು ಪುಸ್ತಿಕೆಯ ಮೊದಲಿಗೇ ತರುತ್ತೇನೆ. 1952ರಲ್ಲಿ ಮಹಿಳಾ ವಿಭಾಗ ಅಂಗೀಕರಿಸಿದ ಜನಾಂಗ ನೀತಿಯ ಸನ್ನದು, 1978ರಲ್ಲಿ ಅದು ಹೊಸ ರೂಪ ಪಡೆದದ್ದು, ಎರಡು ವರ್ಷದ ನಂತರ ಇಡೀ ಸಭೆ ಅದನ್ನು ತನ್ನದಾಗಿಸಿಕೊಂಡದ್ದು, ಇವೆಲ್ಲ ಈಗ ಆ ಹಿನ್ನೆಲೆಯಲ್ಲಿ ಸರಿಯಾಗಿ ಕೂರುತ್ತವೆ. 1968ರಿಂದ 1990ರವರೆಗೆ ವಿಭಾಗವನ್ನು ಮುನ್ನಡೆಸಿದ ಥೆರೆಸಾ ಹೂವರ್ ಕಪ್ಪು ಮಹಿಳೆ ಎಂಬುದನ್ನು ನಾನು ಅಡಿಟಿಪ್ಪಣಿಯಲ್ಲಿ ಇಟ್ಟಿದ್ದೆ. ಅದನ್ನು ಮೇಲಕ್ಕೆ ತರಬೇಕು.

ಪದದ ವಿಷಯಕ್ಕೆ ಯಾರೂ ಕೈ ಹಾಕಲಿಲ್ಲವಾದ್ದರಿಂದ ನಾನೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ‘ಜನಾಂಗ’ ಎಂದೇ ಬರೆಯುತ್ತೇನೆ. ಓದುವವರು ಅದನ್ನು ಜಾತಿ ಎಂದು ತಿಳಿದರೆ, ಪಠ್ಯಪುಸ್ತಕದ ಮೈಲಿಗೆಯ ಪುಟಕ್ಕೆ ಬಂದಾಗ ಅವರಿಗೆ ವಿವರಣೆ ಬೇಕಾಗಲಿಕ್ಕಿಲ್ಲ.