ಬೈಕಿನಿಂದ ಎಂಜಿನ್ ಆಯಿಲ್ ಸೋರುತ್ತಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಸಾಗರದ ಸವಾರ: ನನ್ನ 150 ಸಿಸಿ ಬೈಕಿಗೆ 9 ವರ್ಷ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗಳದಲ್ಲಿ ನಾಣ್ಯದಷ್ಟು ಆಯಿಲ್ ಕಲೆ. ಎಂಜಿನ್ ತಳದಲ್ಲಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಗಿ ಮಾಡಿದೆ, ನಿಲ್ಲಲಿಲ್ಲ. ಇನ್ನೂ ಬಿಗಿ ಮಾಡಲಾ?

ಹಳೇ ಗಾಡಿ: ಬೇಡ, ದಯವಿಟ್ಟು ಬೇಡ! ಅಲ್ಲಿರೋದು ಅಲ್ಯೂಮಿನಿಯಂ, ಬೋಲ್ಟ್ ಕೂರುವ ಥ್ರೆಡ್ (ಸುರುಳಿ ಗೆರೆ) ಹೋದರೆ ಖರ್ಚು ಜಾಸ್ತಿ. ತೊಟ್ಟಿಕ್ಕುವ ಜಾಗದಲ್ಲೇ ಸೋರುತ್ತಿರಬೇಕು ಅಂತೇನಿಲ್ಲ. ತಣ್ಣಗಿರುವ ಎಂಜಿನ್ನನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ ನೋಡಿ. ನನ್ನ ಗಾಡಿಯಲ್ಲಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆಯೊಂದು ಎಂಜಿನ್ ಮೇಲ್ಭಾಗದ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನಿಂದ ಇಳಿದಿತ್ತು.

ರಾತ್ರಿಪಾಳಿ: ಡ್ರೈನ್ ಬೋಲ್ಟೇ ಆಗಿದ್ದರೆ ವಾಷರ್ ಬದಲಿಸಿ ಸಾಕು. ಚೈನ್ ಕಡೆ ಒದ್ದೆಯಿದ್ದರೆ ಮುಂದಿನ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ಹಿಂದಿನ ಆಯಿಲ್ ಸೀಲ್ ನೋಡಿ.

ಸಾಗರದ ಸವಾರ: ಸಿಕ್ಕಿತು! ನನ್ನದೂ ಟ್ಯಾಪೆಟ್ ಕವರೇ. ಒಳಗಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಬಗ್ಗಿಸಿದರೆ ಮುರಿಯುವಷ್ಟು ಗಟ್ಟಿಯಾಗಿತ್ತು. ಹೊಸದಕ್ಕೆ ಸ್ವಲ್ಪ ಆಯಿಲ್ ಸವರಿ ಕೂರಿಸಿದೆ. ಮೂರು ದಿನ ಆಯ್ತು, ಕೆಳಗೆ ಹಾಸಿದ ರಟ್ಟು ಒಣಗೇ ಇದೆ. ತುಂಬಾ ಥ್ಯಾಂಕ್ಸ್.

ಹಳೇ ಗಾಡಿ: ಖುಷಿಯಾಯ್ತು. ಸೋರಿ ಹೋಗಿದೆಯಲ್ವಾ, ಆಯಿಲ್ ಮಟ್ಟ ನೋಡಿ ತುಂಬಿಸಿ.