58,000 ಕಿಲೋಮೀಟರ್ ಓಡಿದ ಹಳೆಯ ಕಾರಿನ ಟೈಮಿಂಗ್ ಬೆಲ್ಟನ್ನು ಈಗಲೇ ಬದಲಾಯಿಸಬೇಕೇ?

ಪ್ರಶ್ನೆ (ಬನಶಂಕರಿಯಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು 2012ರ ಸ್ಯಾಂಟ್ರೋ ಕಾರೊಂದನ್ನು ಎರಡನೆಯ ಮಾಲೀಕನಾಗಿ ಕೊಂಡಿದ್ದೇನೆ. ಅದು ಇದುವರೆಗೆ 58,000 ಕಿಲೋಮೀಟರ್ ಓಡಿದೆ. ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದಕ್ಕೆ ಹಳೆಯ ಮಾಲೀಕರ ಬಳಿ ಬಿಲ್ಲೂ ಇಲ್ಲ, ನೆನಪೂ ಇಲ್ಲ. ಮನೆಯ ಹತ್ತಿರದ ಮೆಕ್ಯಾನಿಕ್ ಮೇಲಿನ ಕವರ್ ಬಿಚ್ಚಿ ನೋಡಿ, "ಎಲ್ಲೂ ಬಿರುಕು ಕಾಣುತ್ತಿಲ್ಲ ಸಾರ್, ಇನ್ನೂ ಇಪ್ಪತ್ತು ಸಾವಿರ ಓಡಿಸಬಹುದು" ಎಂದರು. ಆದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ನಿಮಿಷ ಕೀರಲು ಸದ್ದು ಬರುತ್ತದೆ. ಇದು ಬೆಲ್ಟ್ ಸವೆದಿರುವ ಲಕ್ಷಣವೇ? ದಿನವೂ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವನಾದ್ದರಿಂದ ನಡುದಾರಿಯಲ್ಲಿ ಗಾಡಿ ನಿಂತುಬಿಟ್ಟರೆ ಎಂಬ ಆತಂಕವಿದೆ.

ಉತ್ತರ 1 (ಮಲ್ಲೇಶ್ವರದಿಂದ)

ಆ ಕೀರಲು ಸದ್ದು ಬಹುಮಟ್ಟಿಗೆ ಹೊರಗಿನ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬೆಲ್ಟಿನದು. ಅದು ಸಡಿಲವಾಗಿದ್ದರೆ ತಣ್ಣಗಿರುವ ಎಂಜಿನ್ನಿನಲ್ಲಿ ಹಾಗೆ ಕೂಗುತ್ತದೆ. ಟೈಮಿಂಗ್ ಬೆಲ್ಟ್ ಹಲ್ಲುಗಳಿರುವ ಬೆಲ್ಟ್; ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನಿಂದ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನು ತಾಳ ತಪ್ಪದಂತೆ ತಿರುಗಿಸುವುದು ಅದರ ಕೆಲಸ. ಅದು ಸವೆಯುವಾಗ ಸಾಮಾನ್ಯವಾಗಿ ಯಾವ ಸದ್ದನ್ನೂ ಮಾಡುವುದಿಲ್ಲ, ಮತ್ತು ಇದೇ ಅದರ ಅಪಾಯ. ಬೆಲ್ಟ್ ಕವರಿನ ಒಳಗಿನಿಂದ ಗುಂಯ್‌ಗುಡುವ ಸದ್ದು ಬಂದರೆ ಮಾತ್ರ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರಿನ ಬೇರಿಂಗನ್ನು ಅನುಮಾನಿಸಬೇಕು.

ಬಿರುಕು, ಬುಡದಲ್ಲಿ ಸೀಳಿದ ಹಲ್ಲು, ಎಳೆ ಬಿಟ್ಟ ಅಂಚು, ಹೊಳಪು ಬಂದು ಗಟ್ಟಿಯಾದ ಬೆನ್ನು, ಎಣ್ಣೆಯ ಪಸೆ, ಇವುಗಳಲ್ಲಿ ಒಂದು ಕಂಡರೂ ಬದಲಾಯಿಸಲೇಬೇಕು. ಆದರೆ ಏನೂ ಕಾಣದಿದ್ದರೆ ಬೆಲ್ಟ್ ಚೆನ್ನಾಗಿದೆ ಎಂದು ಅರ್ಥವಲ್ಲ. ಈಗಿನ ಬೆಲ್ಟುಗಳ ರಬ್ಬರು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಉಳಿದು, ಒಳಗಿನ ನಾರು ದಣಿದಿರುವುದುಂಟು.

ನಿಮ್ಮ ಕಾರಿನ 1.1 ಲೀಟರ್ ಎಂಜಿನ್ನಿಗೆ ಬೆಲ್ಟ್ ಇರುವುದು ಖಚಿತ. ಅದೇ ಕಂಪನಿಯ 1.2 ಲೀಟರ್ ಕಪ್ಪಾ ಎಂಜಿನ್ನಿಗೂ ಮಾರುತಿಯ ಕೆ ಸರಣಿಯ ಎಂಜಿನ್ನುಗಳಿಗೂ ಬೆಲ್ಟಿನ ಬದಲು ಚೈನ್ ಇದೆ. ಪರಿಚಯದವರು "ನಮ್ಮ ಗಾಡಿಗೆ ಬದಲಾಯಿಸಲೇ ಇಲ್ಲ" ಎಂದರೆ ಅವರದು ಚೈನ್ ಗಾಡಿಯೇ ಎಂದು ಮೊದಲು ಕೇಳಿ.

ಇನ್ನೊಂದು ಲೆಕ್ಕ. ಸಿಗ್ನಲ್ಲಿನಲ್ಲಿ ಚಕ್ರ ತಿರುಗದಿದ್ದರೂ ಬೆಲ್ಟ್ ತಿರುಗುತ್ತಲೇ ಇರುತ್ತದೆ: ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಿನಲ್ಲಿ ಕ್ರ್ಯಾಂಕ್ ಶಾಫ್ಟ್ ಗಂಟೆಗೆ 48,000 ಸುತ್ತು ಹಾಕುತ್ತದೆ. 58,000 ಕಿಲೋಮೀಟರನ್ನು ಗಂಟೆಗೆ ಸರಾಸರಿ 20ರಂತೆ ಊರೊಳಗೆ ಓಡಿಸಿದ್ದರೆ ಎಂಜಿನ್ 2,900 ಗಂಟೆ ದುಡಿದಿದೆ. ಹೆದ್ದಾರಿಯಲ್ಲಿ 60ರಂತೆ ಓಡಿದ್ದರೆ ಸಾವಿರ ಗಂಟೆಯೂ ಆಗಿರುತ್ತಿರಲಿಲ್ಲ. ಇದರ ಮೇಲೆ ವರ್ಷಗಳ ಬಿಸಿಯೂ ಸೇರಿದೆ. ದಾಖಲೆ ಇಲ್ಲದ ಬೆಲ್ಟನ್ನು ಹಳೆಯದೆಂದೇ ಎಣಿಸಿ, ಕಾಯದೆ ಬದಲಾಯಿಸಿ.

ಉತ್ತರ 2 (ಯಶವಂತಪುರದಿಂದ)

ನಾನು ಕಾದು ಕೆಟ್ಟವನು. ತುಮಕೂರಿಗೆ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಎಂಜಿನ್ ಯಾವ ಮುನ್ಸೂಚನೆಯೂ ಇಲ್ಲದೆ ಆಫ್ ಆಯಿತು. ಗೊತ್ತಿಲ್ಲದೆ ನಾಲ್ಕೈದು ಸಲ ಸೆಲ್ಫ್ ಹೊಡೆದೆ. ಎಂಜಿನ್ ಎಂದಿಗಿಂತ ಹಗುರವಾಗಿ, ಬೇಗಬೇಗ ತಿರುಗಿದ ಸದ್ದು ಬಂತು. ಬೆಲ್ಟ್ ಕಡಿದಿತ್ತು. ಕ್ಯಾಮ್ ಶಾಫ್ಟ್ ನಿಂತಾಗ ತೆರೆದೇ ಉಳಿದ ವಾಲ್ವುಗಳಿಗೆ ಪಿಸ್ಟನ್ ಬಡಿದು ಅವು ಬಾಗಿದ್ದವು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿಸಬೇಕಾಯಿತು, ಕಾರು ಮೂರು ವಾರ ಗ್ಯಾರೇಜಿನಲ್ಲಿ ನಿಂತಿತು, ಖರ್ಚು ಬೆಲ್ಟಿನ ಕೆಲಸದ ಹಲವು ಪಟ್ಟಾಯಿತು. ಓಡುತ್ತಿರುವ ಗಾಡಿ ಹೀಗೆ ನಿಂತರೆ ದಯವಿಟ್ಟು ಮತ್ತೆ ಸೆಲ್ಫ್ ಹೊಡೆಯಬೇಡಿ, ಟೋಯಿಂಗ್ ಗಾಡಿಯನ್ನು ಕರೆಸಿ.

ಉತ್ತರ 3 (ರಾಜಾಜಿನಗರದಿಂದ)

ಬಹಳ ವರ್ಷ ಗ್ಯಾರೇಜು ನಡೆಸಿದವನಾಗಿ ಹೇಳುತ್ತೇನೆ, ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಟೆನ್ಷನರ್ ಮತ್ತು ಐಡ್ಲರ್ (ಬೆಲ್ಟಿಗೆ ದಾರಿ ತೋರುವ ಗಾಲಿ) ಅದರ ಜೊತೆಗೇ ಹೊಸದಾಗಲಿ. ಕ್ಯಾಮ್ ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್ ಒಸರುತ್ತಿದ್ದರೆ ಅದನ್ನೂ ಆಗಲೇ ಬದಲಾಯಿಸಬೇಕು, ಏಕೆಂದರೆ ಎಣ್ಣೆ ತಗುಲಿದ ಹೊಸ ಬೆಲ್ಟ್ ಕೂಡ ಬಾಳುವುದಿಲ್ಲ. ವಾಟರ್ ಪಂಪನ್ನು ಟೈಮಿಂಗ್ ಬೆಲ್ಟೇ ತಿರುಗಿಸುವ ಎಂಜಿನ್ನುಗಳಲ್ಲಿ ಪಂಪನ್ನೂ ಅದೇ ಕೈಯಲ್ಲಿ ಮುಗಿಸುವುದು ಲೇಸು. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಕೇಳಿ, ಮಡಚಿ ಕಟ್ಟಿಟ್ಟ ಬೆಲ್ಟನ್ನು ತೆಗೆದುಕೊಳ್ಳಬೇಡಿ. ಮಡಿಕೆಯ ಜಾಗದಲ್ಲಿ ಒಳಗಿನ ನಾರು ಮುರಿದಿರುತ್ತದೆ.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಲ್ಲಿ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿ ಬಿಚ್ಚಿರಬೇಕು. ಹಳೆಯ ಬೆಲ್ಟ್ ತೆಗೆಯುವ ಮೊದಲೇ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಗುರುತುಗಳನ್ನೂ ಕೂಡಿಸಬೇಕು. ಬೆಲ್ಟ್ ಇಲ್ಲದಾಗ ಯಾವ ಶಾಫ್ಟನ್ನೂ ತಿರುಗಿಸಬಾರದು. ಹೊಸದನ್ನು ಹಾಕಿ ಟೆನ್ಷನ್ ಕೊಟ್ಟ ಮೇಲೆ, ಸೆಲ್ಫ್ ಹೊಡೆಯದೆ, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು ಮುಗಿಸುವುದರಿಂದ ಗುರುತುಗಳು ಮತ್ತೆ ಕೂಡಿಬರಬೇಕು. ಒಂದು ಹಲ್ಲು ಆಚೀಚೆಯಾಗಿದ್ದರೂ ಬಿಚ್ಚಿ ಮತ್ತೆ ಹಾಕಬೇಕು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಹೀಗೆ ಎರಡು ಸುತ್ತು ತಿರುಗಿಸಲು ಬೇಸರಪಡುವವರ ಕೈಗೆ ನಾನಾದರೆ ಎಂಜಿನ್ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು (ಬನಶಂಕರಿಯಿಂದ)

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಬೇರೊಬ್ಬ ಮೆಕ್ಯಾನಿಕ್ ಬಳಿ, ಪಕ್ಕದಲ್ಲೇ ನಿಂತು, ಬೆಲ್ಟ್ ಮತ್ತು ಟೆನ್ಷನರ್ ಬದಲಾಯಿಸಿದೆ. ಸದ್ದು ಆಲ್ಟರ್ನೇಟರ್ ಬೆಲ್ಟಿನದೇ ಆಗಿತ್ತು. ಹಳೆಯ ಟೈಮಿಂಗ್ ಬೆಲ್ಟನ್ನು ಕೇಳಿ ಮನೆಗೆ ತಂದಿದ್ದೇನೆ. ಮೇಲಿನ ಕವರಿನಿಂದ ಕಾಣುತ್ತಿದ್ದ ಬೆನ್ನು ಈಗಲೂ ಅಚ್ಚುಕಟ್ಟಾಗಿದೆ. ಹಿಂದಕ್ಕೆ ಸ್ವಲ್ಪ ಬಾಗಿಸಿದರೆ ಸಾಲಾಗಿ ಮೂರು ಹಲ್ಲುಗಳ ಬುಡದಲ್ಲಿ ಸೀಳು ಬಾಯಿಬಿಡುತ್ತದೆ.